ಪಾಠ ಸ್ಪಷ್ಟವಾಗಿರಲಿ, ಎಲ್ಲರಿಗೂ ತೆರೆಯಲಿ

ಆನ್‌ಲೈನ್ ಕೋರ್ಸ್ ತಯಾರಿಸುವವರಿಗೆ ಕಲಿಯುವವರಿಂದ ಬರುವ ದೂರುಗಳಲ್ಲಿ ಎರಡು ಸದಾ ಮುಂದಿರುತ್ತವೆ. ‘ಚಿತ್ರದಲ್ಲಿ ಬರೆದಿರೋದು ಓದೋಕೇ ಆಗ್ತಿಲ್ಲ’ ಎಂಬುದು ಒಂದು. ‘ನೀವು ಕಳಿಸಿದ್ದು ತೆರೀತಾನೇ ಇಲ್ಲ’ ಎಂಬುದು ಇನ್ನೊಂದು. ತಯಾರಿಸಿದವರ ಲ್ಯಾಪ್‌ಟಾಪಿನಲ್ಲಿ ನಕ್ಷೆಯ ಗೆರೆ, ಊರಿನ ಹೆಸರು, ಬಾಣದ ಗುರುತು ಎಲ್ಲವೂ ಚೊಕ್ಕವಾಗಿಯೇ ಇತ್ತು. ಅದೇ ಪಾಠ ತಾಲ್ಲೂಕು ಕೇಂದ್ರದ ಶಾಲೆಯ ಕಂಪ್ಯೂಟರಿಗೋ, ತರಬೇತಿಯಲ್ಲಿರುವ ಆರೋಗ್ಯ ಕಾರ್ಯಕರ್ತೆಯ ಫೋನಿಗೋ ತಲುಪುವಷ್ಟರಲ್ಲಿ ಅಕ್ಷರಗಳ ಅಂಚು ಕರಗಿರುತ್ತದೆ, ಇಲ್ಲವೇ ಪರದೆ ಬಿಳಿಯಾಗಿಯೇ ಉಳಿದಿರುತ್ತದೆ.

ಹೀಗಾದಾಗ ನೆಟ್‌ವರ್ಕ್ ಸರಿಯಿಲ್ಲ, ಫೋನ್ ಹಳೆಯದು ಎಂದು ಸಮಾಧಾನ ಮಾಡಿಕೊಳ್ಳುವುದು ರೂಢಿ. ಬಹಳಷ್ಟು ಸಲ ಕಾರಣ ಅಲ್ಲಿರುವುದಿಲ್ಲ. ಸ್ಟೋರಿಲೈನ್, ಕ್ಯಾಪ್ಟಿವೇಟ್, ಐಸ್ಪ್ರಿಂಗ್, ಎಚ್‌ಫೈವ್‌ಪಿ ಹೀಗೆ ಕೋರ್ಸ್ ಕಟ್ಟುವ ಸಾಫ್ಟ್‌ವೇರ್ ಯಾವುದೇ ಇರಲಿ, ಮೊದಲ ಸ್ಲೈಡ್ ತೆರೆಯುವ ಮುನ್ನವೇ ಎರಡು ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು. ಈ ಪಾಠ ಯಾವ ಪರದೆಯ ಮೇಲೆ ಕಾಣಲಿದೆ? ಯಾವ ದಾರಿಯಲ್ಲಿ ಅಲ್ಲಿಗೆ ಹೋಗಲಿದೆ? ಪಬ್ಲಿಷ್ ಬಟನ್ ಒತ್ತುವಾಗ ಇವನ್ನು ಕೇಳಿಕೊಂಡರೆ ಹೊತ್ತು ಮೀರಿರುತ್ತದೆ. ಚಿತ್ರದ ಗುಣಮಟ್ಟ, ಕೋರ್ಸಿನ ಹಂಚಿಕೆ ಇವೆರಡೂ ಬೇರೆ ಬೇರೆ ಸಮಸ್ಯೆಗಳಂತೆ ಕಂಡರೂ ಬೇರು ಒಂದೇ: ಕಲಿಯುವವರ ಪರದೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಮ್ಮ ಪರದೆಗೆ ಪಾಠ ಕಟ್ಟುವುದು.

ಪಿಕ್ಸೆಲ್ ಲೆಕ್ಕ

ಮಸುಕಿನ ಮೊದಲ ಕಾರಣ ಅಳತೆ. ಪರದೆಯ ಮೇಲಿನ ಚಿತ್ರಕ್ಕೆ ಇರುವುದು ಒಂದೇ ನಿಜವಾದ ಅಳತೆ, ಅದು ಪಿಕ್ಸೆಲ್. ಮುದ್ರಣದವರು ಬಳಸುವ ‘300 ಡಿಪಿಐ’ ಎಂಬ ಮಾತಿಗೆ ಪರದೆಯ ಮೇಲೆ ಅರ್ಥವಿಲ್ಲ. 300 ಪಿಕ್ಸೆಲ್ ಅಗಲದ ಚಿತ್ರಕ್ಕೆ ಎಷ್ಟೇ ಡಿಪಿಐ ಎಂದು ಬರೆದರೂ ಅದು 300 ಪಿಕ್ಸೆಲ್ ಅಗಲದ ಚಿತ್ರವೇ. ಅದನ್ನು 1280 ಪಿಕ್ಸೆಲ್ ಅಗಲದ ಸ್ಲೈಡಿನ ತುಂಬ ಎಳೆದರೆ ಇಲ್ಲದ ಬಿಂದುಗಳನ್ನು ಸಾಫ್ಟ್‌ವೇರ್ ಅಂದಾಜಿನಿಂದ ತುಂಬಬೇಕಾಗುತ್ತದೆ. ಆ ಅಂದಾಜೇ ಮಸುಕು.

ಹಿಗ್ಗಿಸಿದಾಗ ಮಾತ್ರವಲ್ಲ, ಕುಗ್ಗಿಸಿದಾಗಲೂ ಸ್ಪಷ್ಟತೆ ಕೆಡುತ್ತದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಸಾಫ್ಟ್‌ವೇರ್ ಕಲಿಸುವ ಕೋರ್ಸಿಗೆ 1920×1080 ಅಳತೆಯ ಪೂರ್ಣ ಪರದೆಯ ಸ್ಕ್ರೀನ್‌ಶಾಟ್ ತೆಗೆದು 1280×720ರ ಸ್ಲೈಡಿಗೆ ಹಾಕಿದರೆ ಪ್ರತಿ 3 ಪಿಕ್ಸೆಲ್‌ಗಳನ್ನು 2ರಲ್ಲಿ ಹಿಡಿಸಬೇಕು. ಒಂದೇ ಪಿಕ್ಸೆಲ್ ದಪ್ಪದ ಗೆರೆಗೆ ಅಲ್ಲಿ ಪೂರ್ಣ ಜಾಗ ಸಿಗುವುದಿಲ್ಲ. ಅದು ಪಕ್ಕದ ಬಿಂದುಗಳ ಜೊತೆ ಬೆರೆತು ಬೂದು ಬಣ್ಣಕ್ಕೆ ತಿರುಗುತ್ತದೆ. ಮೆನುವಿನ ಸಣ್ಣ ಅಕ್ಷರಗಳು ಮೊದಲು ಹಾಳಾಗುವುದು ಇದೇ ಕಾರಣಕ್ಕೆ.

ಪರಿಹಾರ ಸರಳ. ಸ್ಲೈಡಿನ ಅಳತೆಯನ್ನು ಮೊದಲೇ ನಿರ್ಧರಿಸಿ. ಸ್ಟೋರಿಲೈನ್‌ನ ಹಲವು ಆವೃತ್ತಿಗಳು ಹೊಸ ಫೈಲನ್ನು 720×540ರ ಹಳೆಯ, ಅಗಲ ಕಡಿಮೆಯ ಅಳತೆಯಲ್ಲಿ ತೆರೆಯುತ್ತವೆ. ಇಂದಿನ ಅಗಲ ಪರದೆಗಳಿಗೆ 1280×720 ಅಥವಾ ಅದಕ್ಕಿಂತ ದೊಡ್ಡದು ಒಳ್ಳೆಯದು. ಅರ್ಧ ಕೋರ್ಸ್ ಮುಗಿದ ಮೇಲೆ ಅಳತೆ ಬದಲಿಸಿದರೆ ಎಲ್ಲ ಚಿತ್ರಗಳೂ ಹಿಗ್ಗುತ್ತವೆ ಇಲ್ಲವೇ ಕುಗ್ಗುತ್ತವೆ. ಸ್ಕ್ರೀನ್‌ಶಾಟ್ ತೆಗೆಯುವಾಗ ಪೂರ್ಣ ಪರದೆ ಬೇಡ, ಬೇಕಾದ ಭಾಗವನ್ನು ಸ್ಲೈಡಿನಲ್ಲಿ ಕೂರುವ ಅಳತೆಯಲ್ಲೇ ತೆಗೆಯಿರಿ. ವಿಂಡೋಸ್‌ನಲ್ಲಿ ಪರದೆಯ ಹಿಗ್ಗುವಿಕೆ ಶೇಕಡಾ 125 ಅಥವಾ 150ರಲ್ಲಿದ್ದರೆ ಸೆರೆಹಿಡಿಯುವ ಅಳತೆಯ ಲೆಕ್ಕ ತಪ್ಪುತ್ತದೆ. ಅದನ್ನು 100ಕ್ಕೆ ಇಳಿಸಿಕೊಂಡು ತೆಗೆದರೆ ಪಿಕ್ಸೆಲ್‌ಗೆ ಪಿಕ್ಸೆಲ್ ಸರಿಹೋಗುತ್ತದೆ.

ಬೆಂಗಳೂರಿನಲ್ಲಿ ಓದಿದವರ ಗಣಿತ

ಮಸುಕಿನ ಎರಡನೆಯ ಕಾರಣ ಸಂಕುಚನ, ಅಂದರೆ ಫೈಲಿನ ಗಾತ್ರ ಇಳಿಸುವುದು. 1920×1080ರ ಒಂದು ಬಣ್ಣದ ಚಿತ್ರವನ್ನು ಯಾವ ಕಡಿತವೂ ಇಲ್ಲದೆ ಉಳಿಸಿಕೊಂಡರೆ ಅದು 60 ಲಕ್ಷ ಬೈಟ್‌ಗಿಂತ ಹೆಚ್ಚಾಗುತ್ತದೆ. ಅಂಥ 50 ಚಿತ್ರಗಳ ಕೋರ್ಸನ್ನು ಯಾವ ಫೋನೂ ಸುಲಭವಾಗಿ ಇಳಿಸಿಕೊಳ್ಳಲಾರದು. ಇಲ್ಲಿ ನೆರವಿಗೆ ಬಂದದ್ದು ಜೆಪೆಗ್. ಆ ವಿಧಾನದ ಹೃದಯದಲ್ಲಿರುವ ಗಣಿತಕ್ಕೂ ಬೆಂಗಳೂರಿಗೂ ನಂಟಿದೆ.

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ನಾವು ಯುವಿಸಿಇ ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಚಿತ್ರದ ಮಾಹಿತಿಯನ್ನು ಕಡಿಮೆ ಅಂಕಿಗಳಲ್ಲಿ ಹಿಡಿಯುವ ಹೊಸ ದಾರಿಯೊಂದನ್ನು ಯೋಚಿಸಿದರು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅನುದಾನ ಕೇಳಿ ಅರ್ಜಿ ಹಾಕಿದಾಗ ಅದು ತಿರಸ್ಕಾರವಾಯಿತು. ಆದರೂ ಕೆಲಸ ಕೈಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸಿನ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದ ಆ ಪ್ರಬಂಧವೇ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’. 1992ರಲ್ಲಿ ಜೆಪೆಗ್ ಮಾನದಂಡವಾಗಿ ಹೊರಬಂದದ್ದು ಇದೇ ಗಣಿತದ ಮೇಲೆ ನಿಂತು. ಇವತ್ತು ಕನ್ನಡದ ಯಾವುದೇ ಡಿಜಿಟಲ್ ಪಾಠದ ಫೋಟೊ ತೆರೆದಾಗ ಒಳಗೆ ಓಡುವ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಓದಿದ ಒಬ್ಬರ ಶ್ರಮವಿದೆ. ಅವರ ಹೆಸರನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರತಿ ತರಗತಿಯಲ್ಲೂ ಹೇಳಬೇಕು.

ಕೆಲಸ ನಡೆಯುವುದು ಹೀಗೆ. ಜೆಪೆಗ್ ಇಡೀ ಚಿತ್ರವನ್ನು 8×8 ಪಿಕ್ಸೆಲ್‌ಗಳ ಪುಟ್ಟ ಚೌಕಗಳಾಗಿ ವಿಭಾಗಿಸುತ್ತದೆ. ಪ್ರತಿ ಚೌಕದ 64 ಬಿಂದುಗಳನ್ನು 64 ಅಲೆಗಳ ಮೊತ್ತವಾಗಿ ಬರೆಯುತ್ತದೆ. ಕೆಲವು ಅಲೆಗಳು ನಿಧಾನವಾಗಿ ಏರಿಳಿಯುತ್ತವೆ, ಕೆಲವು ತೀರಾ ಬೇಗ. ಆಕಾಶ, ಗದ್ದೆ, ಮುಖ ಇಂಥವುಗಳಲ್ಲಿ ಬಣ್ಣ ನಿಧಾನವಾಗಿ ಬದಲಾಗುವುದರಿಂದ ನಿಧಾನದ ಅಲೆಗಳೇ ಚಿತ್ರದ ಬಹುಪಾಲನ್ನು ಹೇಳಿಬಿಡುತ್ತವೆ. ಬೇಗ ಏರಿಳಿಯುವ ಅಲೆಗಳು ನಮ್ಮ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. ಆದ್ದರಿಂದ ಅವನ್ನು ಒರಟಾಗಿ ಬರೆದು ಅಥವಾ ಕೈಬಿಟ್ಟು ಜಾಗ ಉಳಿಸಲಾಗುತ್ತದೆ. ‘ಕ್ವಾಲಿಟಿ’ ಎಂಬ ಅಂಕಿ ಇಳಿಸುತ್ತ ಹೋದಂತೆ ಹೆಚ್ಚು ಹೆಚ್ಚು ಅಲೆಗಳು ಬಿದ್ದುಹೋಗುತ್ತವೆ.

ಅಕ್ಷರಕ್ಕೆ ಬೀಳುವ ಪೆಟ್ಟು

ಫೋಟೊಗೆ ಈ ವಿಧಾನ ವರ. ಅಕ್ಷರಕ್ಕೆ ಹಾಗಲ್ಲ. ಅಕ್ಷರದ ಅಂಚಿನಲ್ಲಿ ಕಪ್ಪು ಒಮ್ಮೆಗೇ ಬಿಳಿಯಾಗುತ್ತದೆ. ಆ ಜಿಗಿತವನ್ನು ಬರೆಯಲು ಬೇಗ ಏರಿಳಿಯುವ ಅಲೆಗಳೇ ಬೇಕು, ಜೆಪೆಗ್ ಮೊದಲು ಕೈಬಿಡುವುದೂ ಅವನ್ನೇ. ಪರಿಣಾಮವಾಗಿ ಅಕ್ಷರದ ಸುತ್ತ ಬೂದು ಚುಕ್ಕೆಗಳು ಹರಡುತ್ತವೆ. ಇದರ ಮೇಲೆ ಬಣ್ಣದ ಕಡಿತ ಬೇರೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜೆಪೆಗ್ ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸಿ 4 ಪಿಕ್ಸೆಲ್‌ಗಳಿಗೆ ಒಂದೇ ಬಣ್ಣ ಹಚ್ಚುತ್ತದೆ. ನೀಲಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರ ಕಲಸಿದಂತೆ ಕಾಣುವುದು ಅದಕ್ಕೇ.

ಕನ್ನಡಕ್ಕೆ ಇದರಿಂದಾಗುವ ನಷ್ಟ ದೊಡ್ಡದು. ನಮ್ಮ ಲಿಪಿಯಲ್ಲಿ ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಪ ಮತ್ತು ಷ ನಡುವೆ ಇರುವುದು ಒಳಗಿನ ಒಂದು ಗೆರೆ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಸಾಲಿನ ಕೆಳಗೆ ಕೂರುತ್ತವೆ. ಹೃದಯದ ಚಿತ್ರದಲ್ಲಿ ‘ಅಪಧಮನಿ’, ‘ಅಭಿಧಮನಿ’ ಎಂಬ ಎರಡು ಹೆಸರುಗಳಿರುತ್ತವೆ. ಒಂದು ಹೃದಯದಿಂದ ರಕ್ತ ಹೊರಕ್ಕೆ ಒಯ್ಯುವ ನಾಳ, ಇನ್ನೊಂದು ಹೃದಯಕ್ಕೆ ತರುವ ನಾಳ. ಎರಡನ್ನೂ ಬೇರ್ಪಡಿಸುವುದು ನಡುವಿನ ಒಂದೇ ಅಕ್ಷರ. ಫೋನಿನ ಪರದೆಯಲ್ಲಿ ಆ ಅಕ್ಷರ ಕರಗಿಹೋದರೆ ಎಂಟನೇ ತರಗತಿಯ ಮಗು ತಪ್ಪು ಕಲಿಯುತ್ತದೆ. ಅಲ್ಲಿ ಕೆಟ್ಟದ್ದು ಚಿತ್ರದ ಅಂದ ಮಾತ್ರವಲ್ಲ, ಪಾಠದ ಸತ್ಯವೂ ಕೆಟ್ಟಿದೆ.

ಆದ್ದರಿಂದ ಮೊದಲ ನಿಯಮ: ಅಕ್ಷರವನ್ನು ಚಿತ್ರದೊಳಗೆ ಹೂಳಬೇಡಿ. ಚಿತ್ರವನ್ನು ಹೆಸರುಗಳಿಲ್ಲದೆ ಹಾಕಿ, ಹೆಸರುಗಳನ್ನು ಸ್ಲೈಡಿನಲ್ಲಿಯೇ ಪಠ್ಯವಾಗಿ ಬರೆಯಿರಿ. ಪಠ್ಯವಾಗಿ ಉಳಿದ ಅಕ್ಷರವನ್ನು ಎಷ್ಟು ಹಿಗ್ಗಿಸಿದರೂ ಅಂಚು ಕೆಡುವುದಿಲ್ಲ. ನಾಳೆ ಪದ ಬದಲಿಸಬೇಕಾದರೆ ಚಿತ್ರ ಮತ್ತೆ ಬರೆಸಬೇಕಿಲ್ಲ. ತುಳುವಿಗೋ ಉರ್ದುವಿಗೋ ಅನುವಾದಿಸುವವರಿಗೆ ಕೆಲಸ ಸುಲಭ. ಕಣ್ಣು ಕಾಣದವರು ಬಳಸುವ ಓದುವ ಸಾಫ್ಟ್‌ವೇರ್‌ಗೂ ಆ ಹೆಸರು ಸಿಗುತ್ತದೆ.

ಬರೆಯುವುದು ಯೂನಿಕೋಡ್‌ನಲ್ಲೇ ಇರಲಿ. ನುಡಿ, ಬರಹದ ಹಳೆಯ ಆಸ್ಕಿ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಈ ತೊಂದರೆಗೆ ಹೆದರಿಯೇ ಎಷ್ಟೋ ಮಂದಿ ಇಡೀ ಪುಟವನ್ನು ಚಿತ್ರವಾಗಿಸಿ ಸ್ಲೈಡಿಗೆ ಅಂಟಿಸುತ್ತಾರೆ. ಆ ಅಭ್ಯಾಸಕ್ಕೆ ಈಗ ಯಾವ ಕಾರಣವೂ ಉಳಿದಿಲ್ಲ. ನೋಟೊ ಸಾನ್ಸ್ ಕನ್ನಡದಂಥ ಉಚಿತ, ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟ್‌ಗಳು ಕೈಗೆಟಕುವಂತಿವೆ.

ಯಾವ ಚಿತ್ರಕ್ಕೆ ಯಾವ ಫೈಲ್

ಫೋಟೊ, ವರ್ಣಚಿತ್ರಗಳಿಗೆ ಜೆಪೆಗ್ ಸರಿ. ಸ್ಕ್ರೀನ್‌ಶಾಟ್, ಕೋಷ್ಟಕ, ಗೆರೆಚಿತ್ರ, ಲೋಗೊಗಳಿಗೆ ಪಿಎನ್‌ಜಿ ಬೇಕು. ಜಿಫ್ ವಿಧಾನದ ಸಂಕುಚನದ ಮೇಲೆ ಪೇಟೆಂಟ್ ಶುಲ್ಕದ ವಿವಾದ ಎದ್ದಾಗ ಅಂತರ್ಜಾಲದ ತಂತ್ರಜ್ಞರು ಸೇರಿ ಕಟ್ಟಿದ, 1996ರಲ್ಲಿ ಮಾನದಂಡವಾದ ಮುಕ್ತ ವಿಧಾನ ಇದು. ಒಂದು ಬಿಂದುವನ್ನೂ ಕಳೆದುಕೊಳ್ಳದೆ ಗಾತ್ರ ಇಳಿಸುತ್ತದೆ. ಒಂದೇ ಬಣ್ಣದ ಜಾಗ ಹೆಚ್ಚಿರುವ ಸ್ಕ್ರೀನ್‌ಶಾಟಿಗೆ ಪಿಎನ್‌ಜಿ ಸ್ಪಷ್ಟವೂ ಹೌದು, ಎಷ್ಟೋ ಸಲ ಜೆಪೆಗ್‌ಗಿಂತ ಹಗುರವೂ ಹೌದು. ನಕ್ಷೆ, ರೇಖಾಗಣಿತದ ಆಕೃತಿ, ವಿದ್ಯುತ್ ಮಂಡಲ ಇಂಥವಕ್ಕೆ ಎಸ್‌ವಿಜಿ ಇನ್ನೂ ಉತ್ತಮ. ಅದರಲ್ಲಿ ಚಿತ್ರ ಬಿಂದುಗಳಾಗಿ ಇರುವುದಿಲ್ಲ, ‘ಇಲ್ಲಿಂದ ಇಲ್ಲಿಗೆ ಗೆರೆ’ ಎಂಬ ಸೂಚನೆಯಾಗಿ ಇರುತ್ತದೆ. ಪರದೆ ಎಷ್ಟೇ ದೊಡ್ಡದಿರಲಿ, ಗೆರೆ ಹೊಸದಾಗಿ ಬರೆದಷ್ಟೇ ಚೂಪು.

ಫೈಲಿನ ಬಗೆ ಸರಿಯಾಗಿದ್ದರೂ ಚಿತ್ರ ಹಾಳಾಗುವ ಇನ್ನೊಂದು ದಾರಿ ಇದೆ: ಮತ್ತೆ ಮತ್ತೆ ಸಂಕುಚನ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಅದನ್ನು ಪವರ್‌ಪಾಯಿಂಟಿಗೆ ಹಾಕಿ ಸೇವ್ ಮಾಡಿದಾಗ ಪವರ್‌ಪಾಯಿಂಟ್ ತನ್ನ ಮಿತಿಗೆ ತಕ್ಕಂತೆ ಇಳಿಸಬಹುದು. ಆ ಸ್ಲೈಡನ್ನು ಕೋರ್ಸ್ ಸಾಫ್ಟ್‌ವೇರಿಗೆ ತಂದು ಪಬ್ಲಿಷ್ ಮಾಡಿದಾಗ ಅಲ್ಲಿ ಇನ್ನೊಮ್ಮೆ. ಜೆರಾಕ್ಸ್ ಪ್ರತಿಯನ್ನು ಮತ್ತೆ ಜೆರಾಕ್ಸ್ ಮಾಡಿಸಿದಂತೆ ಪ್ರತಿ ಹಂತದಲ್ಲೂ ಒಂದಿಷ್ಟು ವಿವರ ಉದುರುತ್ತದೆ, ಉದುರಿದ್ದು ಮರಳಿ ಬರುವುದಿಲ್ಲ.

ಆದ್ದರಿಂದ ಎರಡನೆಯ ನಿಯಮ: ಸಂಕುಚನ ಒಂದೇ ಸಲ, ಕೊನೆಯ ಹಂತದಲ್ಲಿ. ಮೂಲ ಚಿತ್ರವನ್ನು ಇಮೇಲ್ ಅಥವಾ ಡ್ರೈವ್ ಮೂಲಕ ತರಿಸಿಕೊಳ್ಳಿ. ವಾಟ್ಸ್ಆ್ಯಪ್ ಒಂದೇ ದಾರಿಯಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಅದು ಮೂಲ ರೂಪದಲ್ಲೇ ಬರುತ್ತದೆ. ಪವರ್‌ಪಾಯಿಂಟಿನ ಸುಧಾರಿತ ಆಯ್ಕೆಗಳಲ್ಲಿ ಚಿತ್ರಗಳನ್ನು ಕುಗ್ಗಿಸಬೇಡ ಎಂಬ ಗುರುತು ಹಾಕಿ. ಕೋರ್ಸ್ ಸಾಫ್ಟ್‌ವೇರಿನ ಪಬ್ಲಿಷ್ ಕಿಟಕಿಯಲ್ಲಿ ಗುಣಮಟ್ಟದ ಆಯ್ಕೆ ಇರುತ್ತದೆ. ಅದನ್ನು ಒಮ್ಮೆಯೂ ತೆರೆದು ನೋಡದೆ ಮೊದಲೇ ಇದ್ದ ಮಟ್ಟದಲ್ಲಿ ಕೋರ್ಸ್ ಹೊರತರುವವರೇ ಹೆಚ್ಚು. ಅಲ್ಲಿ ಜೆಪೆಗ್ ಗುಣಮಟ್ಟ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಪಬ್ಲಿಷ್ ಮಾಡಿ, ಎರಡನ್ನೂ ಫೋನಿನಲ್ಲಿ ನೋಡಿ ನಿರ್ಧರಿಸಿ.

ಗುಣಮಟ್ಟದ ಹೆಸರಿನಲ್ಲಿ ಭಾರ ಹೊರಿಸುವುದೂ ತಪ್ಪೇ. ಫೋನಿನ ಕ್ಯಾಮೆರಾದ 4000×3000ರ ಫೋಟೊದಲ್ಲಿ 1.2 ಕೋಟಿ ಪಿಕ್ಸೆಲ್‌ಗಳಿರುತ್ತವೆ, 1280×720ರ ಸ್ಲೈಡಿಗೆ ಬೇಕಾದದ್ದು ಸುಮಾರು 9.2 ಲಕ್ಷ. ಹದಿಮೂರು ಪಟ್ಟು ಹೆಚ್ಚಿನ ಮಾಹಿತಿ ಯಾರ ಕಣ್ಣಿಗೂ ಬೀಳದೆ ಕಲಿಯುವವರ ಡೇಟಾ ತಿನ್ನುತ್ತದೆ. 3 ಎಂಬಿಯ 50 ಫೋಟೊ ಇಟ್ಟರೆ ಕೋರ್ಸ್ 150 ಎಂಬಿ. ಅವನ್ನೇ ತಕ್ಕ ಅಳತೆಗೆ ಇಳಿಸಿ ತಲಾ 150 ಕೆಬಿ ಮಾಡಿದರೆ 7.5 ಎಂಬಿ. ದಿನದ ಡೇಟಾ ಮಿತಿಯಲ್ಲಿ ಕಲಿಯುವವರಿಗೆ ಈ ವ್ಯತ್ಯಾಸವೇ ಕೋರ್ಸ್ ಮುಗಿಸುವುದಕ್ಕೂ ಬಿಡುವುದಕ್ಕೂ ನಡುವಿನ ವ್ಯತ್ಯಾಸ.

ಸಣ್ಣ ಪರದೆಯ ಪ್ರಶ್ನೆ

ಕೆಲವೊಮ್ಮೆ ಚಿತ್ರ ಮಸುಕಾಗಿರುವುದಿಲ್ಲ, ತೀರಾ ಚಿಕ್ಕದಾಗಿರುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಬ್ರೌಸರ್ ಲೆಕ್ಕಕ್ಕೆ ಪರದೆಯ ಅಗಲ 360 ಪಿಕ್ಸೆಲ್ ಆಸುಪಾಸು. 1280 ಅಗಲದ ಸ್ಲೈಡ್ ಅಲ್ಲಿ ನೇರ ನಿಂತ ಫೋನಿನಲ್ಲಿ ಕಂಡರೆ, ನೀವು 18ರ ಗಾತ್ರದಲ್ಲಿ ಬರೆದ ಅಕ್ಷರ ಕೇವಲ 5ರಷ್ಟಾಗುತ್ತದೆ. ಯಾವ ಕ್ವಾಲಿಟಿ ಅಂಕಿಯೂ ಇದನ್ನು ಸರಿಪಡಿಸಲಾರದು. ಫೋನ್ ಅಡ್ಡ ಹಿಡಿದರೂ 9ರಷ್ಟೇ.

ಕಲಿಯುವವರಲ್ಲಿ ಹೆಚ್ಚಿನವರು ಫೋನ್ ಹಿಡಿದವರಾದರೆ ಸ್ಲೈಡ್ ಮಾದರಿಯನ್ನೇ ಬಿಡುವುದು ಜಾಣತನ. ಪರದೆಯ ಅಗಲಕ್ಕೆ ತಕ್ಕಂತೆ ಪಠ್ಯವನ್ನು ಮರುಜೋಡಿಸುವ ರೈಸ್, ಎಚ್‌ಫೈವ್‌ಪಿಯಂಥ ಉಪಕರಣಗಳಿವೆ. ಸ್ಲೈಡೇ ಬೇಕೆಂದಿದ್ದರೆ ಒಂದು ಸ್ಲೈಡಿಗೆ ಒಂದೇ ವಿಷಯ, ದೊಡ್ಡ ಅಕ್ಷರ, ಬಿಡಿ ಬಿಡಿಯಾದ ಚಿತ್ರ ಇರಲಿ. ಇಡೀ ಕರ್ನಾಟಕದ ನಕ್ಷೆಯಲ್ಲಿ ಎಲ್ಲ ತಾಲ್ಲೂಕಿನ ಹೆಸರನ್ನೂ ತುಂಬುವ ಬದಲು ಮೊದಲು ಕಂದಾಯ ವಿಭಾಗಗಳ ನಕ್ಷೆ, ಮುಟ್ಟಿದರೆ ಜಿಲ್ಲೆಗಳ ನಕ್ಷೆ ಎಂದು ಹಂತ ಹಂತವಾಗಿ ತೋರಿಸಬಹುದು. ಹಿಗ್ಗಿಸಿ ನೋಡುವ ಸೌಲಭ್ಯ ಕೊಡುವುದಾದರೆ ಆ ಒಂದು ಚಿತ್ರವನ್ನು ಮಾತ್ರ ದೊಡ್ಡ ಅಳತೆಯಲ್ಲಿ ಇಡಿ.

ಕೋರ್ಸ್ ಎಂದರೆ ಒಂದು ಫೈಲ್ ಅಲ್ಲ

ಚಿತ್ರಗಳು ಸರಿಹೋದವು. ಇನ್ನು ಕೋರ್ಸ್ ಕಳಿಸಬೇಕು. ಎಡವುವ ಜಾಗ ಇಲ್ಲಿಯೂ ಮೊದಲ ಹೆಜ್ಜೆಯಲ್ಲೇ ಇದೆ. ಪಬ್ಲಿಷ್ ಮಾಡಿದಾಗ ಒಂದು ಫೋಲ್ಡರ್ ಹುಟ್ಟುತ್ತದೆ. ಅದರಲ್ಲಿ ತೆರೆಯುವ ಪುಟ ಒಂದು, ಅದರ ಬೆನ್ನಿಗೆ ಚಿತ್ರ, ಧ್ವನಿ, ಫಾಂಟ್, ಪ್ರೋಗ್ರಾಂಗಳ ನೂರಾರು ಫೈಲ್‌ಗಳು. ತೆರೆಯುವ ಪುಟವನ್ನಷ್ಟೇ ಇಮೇಲಿನಲ್ಲಿ ಕಳಿಸಿದರೆ ಎದುರಿನವರಿಗೆ ಬಿಳಿ ಪರದೆ ಕಾಣುತ್ತದೆ. ಇಡೀ ಫೋಲ್ಡರನ್ನು ಜಿಪ್ ಮಾಡಿ ಕಳಿಸಿದರೂ ಹಲವರು ಅದನ್ನು ಬಿಚ್ಚದೆ ಒಳಗಿನಿಂದಲೇ ತೆರೆಯಲು ನೋಡುತ್ತಾರೆ. ಬಿಚ್ಚಿ ತೆರೆದರೂ ಕಂಪ್ಯೂಟರಿನ ಫೋಲ್ಡರಿನಿಂದ ನೇರ ತೆರೆದ ಪುಟಕ್ಕೆ ಬ್ರೌಸರ್‌ಗಳು ಭದ್ರತೆಯ ಕಾರಣಕ್ಕೆ ಹಲವು ಕೆಲಸಗಳನ್ನು ತಡೆಯುತ್ತವೆ. ಕೋರ್ಸ್ ಸರ್ವರ್ ಮೇಲಿರಬೇಕು, ಕಲಿಯುವವರ ಕೈಗೆ ಲಿಂಕ್ ಸಿಗಬೇಕು.

ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಟ್ಟರಾಗದೇ ಎಂಬ ಪ್ರಶ್ನೆ ಸಹಜ. ಹಿಂದೆ ಆಗುತ್ತಿತ್ತು. ಡ್ರೈವ್‌ನಿಂದ ವೆಬ್‌ಪುಟ ನಡೆಸುವ ಸೌಲಭ್ಯವನ್ನು ಗೂಗಲ್ 2016ರ ಆಗಸ್ಟ್ 31ಕ್ಕೆ ನಿಲ್ಲಿಸಿತು. ಈಗ ಅದು ಫೈಲುಗಳನ್ನು ಇಡುವ ಜಾಗ ಮಾತ್ರ, ಕೋರ್ಸ್ ಓಡಿಸುವುದಿಲ್ಲ. ಯಾವುದೇ ವೆಬ್ ಸರ್ವರ್, ಅಮೆಜಾನ್ ಎಸ್‌3, ಗಿಟ್‌ಹಬ್ ಪೇಜಸ್ ಇಂಥ ಕಡೆ ಇಡೀ ಫೋಲ್ಡರನ್ನು ಏರಿಸಿದರೆ ಕೋರ್ಸ್ ಓಡುತ್ತದೆ. ಸಹೋದ್ಯೋಗಿಗಳ ಅಭಿಪ್ರಾಯಕ್ಕೆ ಮಾತ್ರವಾದರೆ ಹಲವು ಸಾಫ್ಟ್‌ವೇರ್‌ಗಳಲ್ಲೇ ವಿಮರ್ಶೆಯ ಲಿಂಕ್ ಕೊಡುವ ವ್ಯವಸ್ಥೆ ಇದೆ.

ಸರ್ವರ್‌ಗೆ ಏರಿಸಿದ ಮೇಲೆ ಕೆಲವು ಚಿತ್ರಗಳು ಮಾತ್ರ ಮಾಯವಾಗುವುದೂ ಉಂಟು. ನಮ್ಮ ವಿಂಡೋಸ್ ಕಂಪ್ಯೂಟರಿಗೆ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಬಹುಪಾಲು ಸರ್ವರ್‌ಗಳು ಓಡುವುದು ಲಿನಕ್ಸ್ ಮೇಲೆ, ಅದಕ್ಕೆ ಅವು ಬೇರೆ ಬೇರೆ. ಕೈಯಾರೆ ಸೇರಿಸಿದ ಫೈಲುಗಳ ಹೆಸರಿನಲ್ಲಿ ಇಂಥ ವ್ಯತ್ಯಾಸವಿದ್ದರೆ ಮನೆಯಲ್ಲಿ ಕಂಡ ಚಿತ್ರ ಸರ್ವರ್‌ನಲ್ಲಿ ಕಾಣುವುದಿಲ್ಲ. ಹೆಸರುಗಳಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಮಾತ್ರ ಬಳಸಿ, ಖಾಲಿ ಜಾಗ ಬಿಡದಿದ್ದರೆ ಈ ತಲೆನೋವು ಇರುವುದಿಲ್ಲ.

ಸ್ಕಾರ್ಮ್ ಎಂಬ ಒಪ್ಪಂದ

ಯಾರು ಪಾಠ ಮುಗಿಸಿದರು, ಎಷ್ಟು ಅಂಕ ಬಂತು, ಎಲ್ಲಿ ನಿಲ್ಲಿಸಿದರು ಎಂಬ ದಾಖಲೆ ಬೇಕಾದರೆ ಎಲ್‌ಎಂಎಸ್, ಅಂದರೆ ಕಲಿಕೆಯನ್ನು ನಿರ್ವಹಿಸುವ ವ್ಯವಸ್ಥೆ ಬೇಕು. ಮಾರ್ಟಿನ್ ಡೂಗಿಯಮಾಸ್ ಆಸ್ಟ್ರೇಲಿಯಾದಲ್ಲಿ ಕಟ್ಟಿ 2002ರಲ್ಲಿ ಹೊರತಂದ ಉಚಿತ ಮೂಡಲ್ ಇವುಗಳಲ್ಲಿ ಹೆಸರುವಾಸಿ. ಒಬ್ಬರು ಕಟ್ಟಿದ ಕೋರ್ಸ್ ಇನ್ನೊಬ್ಬರ ವ್ಯವಸ್ಥೆಯಲ್ಲಿ ಓಡಲು ಇಬ್ಬರ ನಡುವೆ ಒಪ್ಪಂದ ಬೇಕು. ಅಮೆರಿಕದ ರಕ್ಷಣಾ ಇಲಾಖೆ 1997ರಲ್ಲಿ ಆರಂಭಿಸಿದ ಎಡಿಎಲ್ ಯೋಜನೆಯಿಂದ ಬಂದ ಸ್ಕಾರ್ಮ್ ಅಂಥ ಒಪ್ಪಂದ. ಅದರ 1.2 ಆವೃತ್ತಿ 2001ರದು, ಇವತ್ತಿಗೂ ವ್ಯಾಪಕ ಬಳಕೆಯಲ್ಲಿದೆ.

ಸ್ಕಾರ್ಮ್ ಜಿಪ್ ಫೈಲಿನ ಹೊರಪದರದಲ್ಲೇ ‘ಐಎಂಎಸ್ ಮ್ಯಾನಿಫೆಸ್ಟ್’ ಎಂಬ ಫೈಲ್ ಇರಬೇಕು. ಎಲ್‌ಎಂಎಸ್ ಮೊದಲು ಹುಡುಕುವುದು ಅದನ್ನೇ. ಸಣ್ಣ ತಿದ್ದುಪಡಿಗೆಂದು ಜಿಪ್ ಬಿಚ್ಚಿ, ಮತ್ತೆ ಜಿಪ್ ಮಾಡುವಾಗ ಫೋಲ್ಡರನ್ನೇ ಆರಿಸಿದರೆ ಆ ಫೈಲ್ ಒಂದು ಪದರ ಒಳಗೆ ಹೋಗುತ್ತದೆ. ‘ಇದು ಸರಿಯಾದ ಪ್ಯಾಕೇಜ್ ಅಲ್ಲ’ ಎಂಬ ಸಂದೇಶ ಬರುವುದಕ್ಕೆ ಇದು ಅತಿ ಸಾಮಾನ್ಯ ಕಾರಣ. ಫೋಲ್ಡರಿನ ಒಳಗಿರುವ ಎಲ್ಲವನ್ನೂ ಆರಿಸಿ ಜಿಪ್ ಮಾಡಿದರೆ ಸರಿಯಾಗುತ್ತದೆ.

ಇನ್ನೊಂದು ಮಿತಿ ಗೊತ್ತಿರಲಿ. ಕಲಿಯುವವರು ಎಲ್ಲಿ ನಿಲ್ಲಿಸಿದರು ಎಂದು ನೆನಪಿಡಲು ಸ್ಕಾರ್ಮ್ 1.2 ಕೊಡುವ ಜಾಗ 4,096 ಅಕ್ಷರ ಮಾತ್ರ. ಉದ್ದದ ಕೋರ್ಸಿನಲ್ಲಿ ಅದು ತುಂಬಿಹೋದರೆ ಮರುದಿನ ತೆರೆದಾಗ ಪಾಠ ಮತ್ತೆ ಮೊದಲಿನಿಂದ ಶುರುವಾಗಬಹುದು. ಸ್ಕಾರ್ಮ್ 2004ರ ನಾಲ್ಕನೇ ಆವೃತ್ತಿ ಇದನ್ನು 64,000ಕ್ಕೆ ಏರಿಸಿತು, ಆದರೆ ಮೂಡಲ್ ಒಪ್ಪುವುದು 1.2 ಅನ್ನು. ಆದ್ದರಿಂದ ದೊಡ್ಡ ಕೋರ್ಸನ್ನು ಸಣ್ಣ ಪಾಠಗಳಾಗಿ ಒಡೆದು ಬೇರೆ ಬೇರೆ ಪ್ಯಾಕೇಜ್ ಮಾಡುವುದೇ ಒಳ್ಳೆಯ ದಾರಿ. ಎಲ್‌ಎಂಎಸ್ ಯಾವ ಆವೃತ್ತಿ ಒಪ್ಪುತ್ತದೆ, ಎಷ್ಟು ಎಂಬಿವರೆಗೆ ಏರಿಸಲು ಬಿಡುತ್ತದೆ ಎಂದು ಅದನ್ನು ನೋಡಿಕೊಳ್ಳುವವರನ್ನು ಕೆಲಸ ಶುರುಮಾಡುವ ಮುನ್ನವೇ ಕೇಳಿ.

ತಿದ್ದಲು ಬರುವಂತೆ ಕೊಡುವುದು

ಹಂಚಿಕೆಯಲ್ಲಿ ಇನ್ನೊಂದು ಬಗೆ ಇದೆ, ಅದು ಇನ್ನೂ ಮುಖ್ಯ. ಓಡುವ ಕೋರ್ಸ್ ಕೊಡುವುದು ಒಂದು, ಇನ್ನೊಬ್ಬರು ತಿದ್ದಬಹುದಾದ ಮೂಲ ಫೈಲ್ ಕೊಡುವುದು ಇನ್ನೊಂದು. ಪಬ್ಲಿಷ್ ಆದ ಕೋರ್ಸಿನಿಂದ ಸಾಮಾನ್ಯವಾಗಿ ಮೂಲವನ್ನು ಮರಳಿ ಪಡೆಯಲಾಗದು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ ಅದರ ಮೇಲೆ ಕಟ್ಟಿದ್ದ ಪಾಠಗಳು ಬ್ರೌಸರ್‌ಗಳಲ್ಲಿ ತೆರೆಯದಾದವು. ಮೂಲ ಫೈಲ್ ಉಳಿಸಿಕೊಂಡವರು ಎಚ್‌ಟಿಎಂಎಲ್‌5ರಲ್ಲಿ ಮತ್ತೆ ಹೊರತರಬಹುದಿತ್ತು. ಉಳಿಸಿಕೊಳ್ಳದವರು ಪಾಠವನ್ನೇ ಹೊಸದಾಗಿ ಕಟ್ಟಬೇಕಾಯಿತು.

ಮೂಲ ಫೈಲ್ ಜೊತೆ ಬಳಸಿದ ಫಾಂಟ್, ಕುಗ್ಗಿಸದ ಚಿತ್ರ, ಧ್ವನಿಯ ಮೂಲ, ಸಾಫ್ಟ್‌ವೇರಿನ ಆವೃತ್ತಿಯ ಹೆಸರು ಇವೆಲ್ಲ ಒಂದೇ ಫೋಲ್ಡರಿನಲ್ಲಿರಲಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲನ್ನು ಹಳೆಯ ಆವೃತ್ತಿ ತೆರೆಯಲಾರದು ಎಂಬುದು ತಂಡಗಳಲ್ಲಿ ಜಗಳಕ್ಕೆ ದಾರಿಯಾಗುವ ಸಂಗತಿ. ಪೆನ್‌ಡ್ರೈವ್ ಅಥವಾ ಕಚೇರಿಯ ಹಂಚಿಕೆಯ ಡ್ರೈವ್‌ನಿಂದ ನೇರ ತೆರೆದು ಕೆಲಸ ಮಾಡಿದರೆ ಫೈಲ್ ಕೆಡುವ ಸಂಭವವಿದೆ. ನಿಮ್ಮ ಕಂಪ್ಯೂಟರಿಗೆ ನಕಲಿಸಿಕೊಂಡು ಕೆಲಸ ಮಾಡಿ, ಮುಗಿಸಿ ಮರಳಿ ಇಡಿ.

ಈ ವಿಷಯದಲ್ಲಿ ಅನುಸರಿಸಲು ಯೋಗ್ಯವಾದ ಮಾದರಿಗಳು ನಮ್ಮೆದುರು ಇವೆ. ನಾರ್ವೆಯಲ್ಲಿ 2013ರಲ್ಲಿ ಹುಟ್ಟಿದ ಎಚ್‌ಫೈವ್‌ಪಿ ಮುಕ್ತ ತಂತ್ರಾಂಶ. ಅದರಲ್ಲಿ ಓಡುವ ಪಾಠವೂ ತಿದ್ದುವ ಮೂಲವೂ ಒಂದೇ ಫೈಲ್. ಪಡೆದವರು ತೆರೆಯಬಹುದು, ಕನ್ನಡಕ್ಕೆ ತಿರುಗಿಸಬಹುದು, ಮತ್ತೆ ಹಂಚಬಹುದು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ವಿಜ್ಞಾನ ಪ್ರಯೋಗಗಳು ಕನ್ನಡದಲ್ಲೂ ಇವೆ. ಎಚ್‌ಟಿಎಂಎಲ್‌5ರ ಒಂದು ಪ್ರಯೋಗ ಎಂದರೆ ಒಂದೇ ಫೈಲ್. ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದ ಶಾಲೆಯಲ್ಲೂ ಓಡುತ್ತದೆ. ಕೇಂದ್ರದ ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು ಶುರುವಾಯಿತು. ಅದರ ಅಡಿಪಾಯ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್ ಕಟ್ಟಿದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶ. ನಮ್ಮ ಮಕ್ಕಳ ಪಠ್ಯಪುಸ್ತಕದ ಕ್ಯುಆರ್ ಕೋಡ್ ತೆರೆದುಕೊಳ್ಳುವುದು ಅಲ್ಲಿಗೇ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ರೂಪಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಶಿಕ್ಷಕರೇ ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದಿದ್ದಾರೆ.

ಹಂಚುವಾಗ ಪರವಾನಗಿಯನ್ನು ಸ್ಪಷ್ಟವಾಗಿ ಬರೆಯಬೇಕು. ಇದನ್ನು ಬಳಸಬಹುದೇ, ತಿದ್ದಬಹುದೇ, ಮಾರಬಹುದೇ ಎಂದು ಹೇಳುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಇವೆ. ಅಂತರ್ಜಾಲದಲ್ಲಿ ಸಿಕ್ಕ ಚಿತ್ರವನ್ನು ಎತ್ತಿ ಹಾಕಿದ ಕೋರ್ಸನ್ನು ಮುಕ್ತವಾಗಿ ಹಂಚಲು ಆಗದು. ಪರವಾನಗಿ ಇರುವ ಚಿತ್ರ ಹುಡುಕಿ, ತೆಗೆದವರ ಹೆಸರು ಹಾಕಿ, ಇಲ್ಲವೇ ನೀವೇ ತೆಗೆಯಿರಿ. ನೀವೇ ತೆಗೆದ ಫೋಟೊ ಮೂಲ ಗುಣಮಟ್ಟದಲ್ಲೇ ಕೈಯಲ್ಲಿರುತ್ತದೆ ಎಂಬ ಲಾಭವೂ ಇದೆ.

ಕಳಿಸುವ ಮುನ್ನ

ಕೋರ್ಸ್ ಮುಗಿದ ದಿನ ಅದನ್ನು ನಿಮ್ಮ ಕಂಪ್ಯೂಟರಿನಲ್ಲಿ ನೋಡಿ ಒಪ್ಪಬೇಡಿ. ಸಾಧಾರಣ ಬೆಲೆಯ ಒಂದು ಫೋನಿನಲ್ಲಿ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಕಲಿಯುವವರಿಗೆ ಕೊಡುವ ಅದೇ ಲಿಂಕಿನಿಂದ ತೆರೆಯಿರಿ. ಅತಿ ಸಣ್ಣ ಒತ್ತಕ್ಷರ ಓದಲು ಬರುತ್ತದೆಯೇ ನೋಡಿ. ನಡುವೆ ಮುಚ್ಚಿ ಮತ್ತೆ ತೆರೆದಾಗ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತದೆಯೇ ನೋಡಿ. ಪ್ರತಿ ಚಿತ್ರಕ್ಕೂ ಕಣ್ಣು ಕಾಣದವರಿಗಾಗಿ ಒಂದು ಸಾಲಿನ ವಿವರಣೆ ಕನ್ನಡದಲ್ಲೇ ಇದೆಯೇ ನೋಡಿ. ಇಷ್ಟಕ್ಕೆ ಒಂದು ಗಂಟೆ ಸಾಕು. ಆ ಒಂದು ಗಂಟೆ ಕಲಿಯುವ ಸಾವಿರಾರು ಮಂದಿಯ ಹೊತ್ತು ಉಳಿಸುತ್ತದೆ.

ಕನ್ನಡದಲ್ಲಿ ಒಳ್ಳೆಯ ಡಿಜಿಟಲ್ ಪಾಠಗಳು ಇನ್ನೂ ಬಹಳ ಬೇಕಾಗಿವೆ. ಅವುಗಳನ್ನು ಕಟ್ಟುವ ಶಿಕ್ಷಕರು, ತರಬೇತುದಾರರು, ತಂತ್ರಜ್ಞರು ದೊಡ್ಡ ಸಾಫ್ಟ್‌ವೇರಿಗಾಗಿ, ಹೆಚ್ಚಿನ ಅನುದಾನಕ್ಕಾಗಿ ಕಾಯಬೇಕಿಲ್ಲ. ಅಕ್ಷರವನ್ನು ಅಕ್ಷರವಾಗಿಯೇ ಇಡಿ, ಚಿತ್ರವನ್ನು ಒಮ್ಮೆ ಮಾತ್ರ ಕುಗ್ಗಿಸಿ, ಮೂಲವನ್ನು ಜೋಪಾನ ಮಾಡಿ, ಪರವಾನಗಿ ಬರೆದು ಹಂಚಿ. ಈ ನಾಲ್ಕನ್ನು ಪಾಲಿಸಿದರೆ ಇವತ್ತು ನೀವು ಕಟ್ಟಿದ ಪಾಠವನ್ನು ಇನ್ನೊಂದು ಜಿಲ್ಲೆಯ ಶಿಕ್ಷಕರು ತೆರೆಯಬಲ್ಲರು, ಓದಬಲ್ಲರು, ತಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಿ ಬಳಸಬಲ್ಲರು. ದಯವಿಟ್ಟು ನಿಮ್ಮ ಮುಂದಿನ ಕೋರ್ಸಿನಿಂದಲೇ ಶುರುಮಾಡಿ.